ಪ್ರಿಂಟರಿಗೆ ನೇರ ದಾರಿ

ಎಂಬತ್ತರ ದಶಕದ ಕೊನೆಗೆ ಕೊಟ್ಟೂರಿನಲ್ಲಿ ನಾನು ಗಣಿತ ಹೇಳುತ್ತಿದ್ದ ಕಾಲೇಜಿಗೆ ಒಂದು ಕಂಪ್ಯೂಟರ್ ಬಂತು. ಬೆನ್ನಿಗೇ ಅದನ್ನು ಬಳ್ಳಾರಿಗೆ ಸಾಗಹಾಕುವ ಮಾತೂ ಬಂತು. ‘ಅದಕ್ಕ ಕನ್ನಡ ಬರಂಗಿಲ್ಲ, ಇಟ್ಕೊಂಡು ಏನ್ ಮಾಡೂದ್ರಿ?’ ಎಂದರು ಪ್ರಿನ್ಸಿಪಾಲರು. ‘ಬರ್ತೈತಿ ಸರ್, ನಾ ಮಾಡ್ತೀನಿ’ ಎಂದುಬಿಟ್ಟೆ. ಸೋಮವಾರ ಆಡಳಿತ ಮಂಡಳಿಯವರು ನೋಡಲು ಬರುವಷ್ಟರಲ್ಲಿ ಅದು ಕನ್ನಡ ಮುದ್ರಿಸಬೇಕು, ಇಲ್ಲವೇ ಲಾರಿ ಹತ್ತಬೇಕು. ಅದು ಹೋದರೆ ನನಗೆ ಇನ್ನೊಂದು ಸಿಗುವುದು ಕನಸಿನ ಮಾತಾಗಿತ್ತು.

ಯಾವ ಪ್ರೋಗ್ರಾಮೇ ಆಗಲಿ, ಅಕ್ಷರ ಮುದ್ರಿಸಲು ಎಲ್ಲವೂ ಹಂಚಿಕೊಂಡಿದ್ದ ಒಂದೇ ಫಂಕ್ಷನ್ನನ್ನು, ಅಂದರೆ ಒಂದು ಕೆಲಸಕ್ಕೆಂದು ಬರೆದಿಟ್ಟ ಆಜ್ಞೆಗಳ ಕಟ್ಟನ್ನು, ಕರೆಯುತ್ತಿದ್ದವು. ಆ ಕರೆಯನ್ನು ದಾರಿಯಲ್ಲೇ ತಡೆದು, ಇಂಗ್ಲಿಷ್ ಅಕ್ಷರದ ಬದಲು ಕನ್ನಡ ಅಕ್ಷರದ ಆಕಾರ ಮೂಡಿಸುವ ಚುಕ್ಕೆಗಳನ್ನು ಪ್ರಿಂಟರಿಗೆ ಕಳಿಸುವ ಇನ್ನೊಂದು ಫಂಕ್ಷನ್ನನ್ನು ಸಿ ಭಾಷೆಯಲ್ಲಿ ಬರೆದೆ. ಓಡಿಸಿದರೆ ಯಂತ್ರ ಗಪ್‌ಚಿಪ್. ಎಲ್ಲಿ ಸಿಕ್ಕಿಕೊಂಡಿದೆ ನೋಡೋಣವೆಂದು, ನನ್ನ ಫಂಕ್ಷನ್ ಶುರುವಾದಾಗ ಪರದೆಯ ಮೇಲೆ ‘ಇನ್’, ಮುಗಿದಾಗ ‘ಔಟ್’ ಬರುವಂತೆ ಮಾಡಿದೆ. ಪರದೆ ತುಂಬ ಇನ್, ಇನ್, ಇನ್. ಔಟ್ ಒಂದೂ ಇಲ್ಲ. ನಾನು ಕೊಟ್ಟದ್ದು ಒಂದೇ ಅಕ್ಷರ! ಇಷ್ಟು ಸಲ ಕರೆಯುತ್ತಿರುವ ಪುಣ್ಯಾತ್ಮ ಯಾರು? ಚುಕ್ಕೆಗಳನ್ನು ಬದಲಿಸಿದೆ, ಕೇಬಲ್ ಕಿತ್ತು ಸಿಕ್ಕಿಸಿದೆ, ಪ್ರಿಂಟರಿಗೆ ಬಾಯಿಗೆ ಬಂದಂತೆ ಬೈದೆ. ಏನೂ ತಿಳಿಯದೆ, ಶನಿವಾರ ಹರಪನಹಳ್ಳಿಯ ಬಸ್ ಹತ್ತಿದೆ.

ಅಲ್ಲಿ ನನ್ನ ಗಂಡನ ಮನೆ. ಸೊಸೆಯಾದವಳು ಮಾವನೊಡನೆ ನೇರ ಮಾತಾಡುವಂತಿರಲಿಲ್ಲ. ಏನಿದ್ದರೂ ಅತ್ತೆಯ ಮೂಲಕವೇ ಹೋಗಬೇಕು. ಆ ವಾರ ಅತ್ತೆ ಮಾವನ ಮೇಲೆ ಮುನಿಸಿಕೊಂಡು ತಾವೂ ಮಾತು ಬಿಟ್ಟಿದ್ದರು.

‘ಉಣ್ಣಾಕ ಬರ್ಬೇಕಂತ ಅವರಿಗೆ ಹೇಳವ್ವ’ ಎಂದರು ನನಗೆ.

‘ನಾ ಹೆಂಗ ಹೇಳ್ಲಿ ಅತ್ತಿ? ನೀವ ಹೇಳ್ರಿ.’

‘ನಾ ಮಾತಾಡಂಗಿಲ್ಲ. ನೀನ ಹೇಳು.’

‘ಅಯ್ಯ, ನೀವ ಹೇಳ್ರಿ ಅತ್ತಿ.’

ಹೀಗೇ ನಡೆಯಿತು. ಎರಡು ಮಾರು ದೂರದಲ್ಲಿ ಮಾವ ಹಸಿದು ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ಕೊನೆಗೆ ತಾವೇ ಎದ್ದು ಬಂದು ಗಂಗಾಳ ಹಾಕಿಕೊಂಡರು. ರೊಟ್ಟಿ ಬಡಿಯುತ್ತಿದ್ದ ನನ್ನ ಕೈ ಅಲ್ಲೇ ನಿಂತಿತು. ಚುಕ್ಕೆ ಕಳಿಸಲು ನನ್ನ ಫಂಕ್ಷನ್ನೂ ಅದೇ ಮುದ್ರಣದ ಫಂಕ್ಷನ್ನನ್ನು ಕರೆಯುತ್ತಿತ್ತಲ್ಲ! ಆ ದಾರಿಯಲ್ಲಿ ಅಡ್ಡ ನಿಂತದ್ದೂ ನನ್ನ ಫಂಕ್ಷನ್ನೇ. ತನ್ನ ಕರೆಯನ್ನು ತಾನೇ ತಡೆದು, ಮತ್ತೆ ಕರೆದು, ಮತ್ತೆ ತಡೆಯುತ್ತಿತ್ತು.

ಸೋಮವಾರ ಮೊದಲ ಬಸ್ಸಿಗೇ ಹೋದೆ. ಯಂತ್ರದ ನೆನಪಿನಲ್ಲಿ ಹಳೆಯ ಫಂಕ್ಷನ್ ಇರುವ ಜಾಗದ ವಿಳಾಸವನ್ನು, ಕರೆ ತಡೆಯುವ ಮುಂಚೆಯೇ ತೆಗೆದಿಟ್ಟುಕೊಂಡು, ಚುಕ್ಕೆಗಳನ್ನು ನೇರ ಅಲ್ಲಿಗೇ ಕಳಿಸಿದೆ. ಪ್ರಿಂಟರ್ ಕರಕರ ಸದ್ದು ಮಾಡುತ್ತ ‘ಕೊಟ್ಟೂರು’ ಎಂದು ಬರೆಯಿತು. ಒತ್ತಕ್ಷರ ಸೊಟ್ಟಗಿತ್ತು, ಆದರೂ ಮಂಡಳಿಯವರು ಚಪ್ಪಾಳೆ ತಟ್ಟಿದರು. ಕಂಪ್ಯೂಟರ್ ನನಗೇ ಉಳಿಯಿತು.

ಸಂಜೆ ಆ ಹಾಳೆ ಹಿಡಿದು ಹರಪನಹಳ್ಳಿಯ ಮನೆಗೆ ಬಂದಾಗ ಮಾವ ಕಟ್ಟೆಯ ಮೇಲೆ ಕೂತಿದ್ದರು. ಖುಷಿಯಲ್ಲಿ ಮೈಮರೆತು, ‘ಮಾವಾರ, ನೋಡ್ರಿ’ ಎಂದು ಅವರ ಕೈಗೇ ಕೊಟ್ಟೆ.

ಅವರು ಕನ್ನಡಕ ಏರಿಸಿ ನಿಧಾನ ಓದಿದರು. ‘ಚಲೋ ಮಾಡೀ ನೋಡವ್ವ’ ಎಂದರು.

ಯಾರಿಗೆ ಹೇಳಿದರೋ ತಿಳಿಯದೆ ತಿರುಗಿ ಅತ್ತೆಯನ್ನು ಹುಡುಕಿದೆ. ಅತ್ತೆ ಮನೆಯಲ್ಲೇ ಇರಲಿಲ್ಲ.