ಗಿರಿಜಮ್ಮ ಕೇಳಿದಾಗ ನಾನು ಸುಮ್ಮನಿದ್ದೆ

ಗಿರಿಜಮ್ಮನ ಸಂಸಾರ ಒಡೆದದ್ದು ನನ್ನಿಂದ. ವೈದ್ಯನಾಗಿ ಅವಳ ಮುಂದೆ ಸುಮ್ಮನಿದ್ದೆ. ಅವಳ ಗಂಡನ ಮುಂದೆ ಸುಳ್ಳು ಹೇಳಿದೆ. ಅದೆಲ್ಲ ಚಿಕಿತ್ಸೆಯ ಕ್ರಮವೇ ಎಂದು ಸಮಾಧಾನ ಹೇಳುವ ಗೆಳೆಯರಿದ್ದಾರೆ—ಆ ಸಮಾಧಾನ ನನಗೆ ಬೇಡ.

ಐವತ್ತರ ದಶಕದ ಕೊನೆ. ಬೆಂಗಳೂರಿನಲ್ಲಿ ಮನೋರೋಗದ ಚಿಕಿತ್ಸೆ ಕಲಿತು ಬಂದು ಶಿಕಾರಿಪುರದಲ್ಲಿ ಸಣ್ಣ ದವಾಖಾನೆ ತೆರೆದಿದ್ದೆ. ರೋಗಿ ತಾನಾಗಿ ಮಾತಾಡುವವರೆಗೆ ಕಾಯಬೇಕು, ವೈದ್ಯ ನಡುವೆ ಬಾಯಿ ಹಾಕಬಾರದು—ಅದು ನಾನು ಕಲಿತ ಪಾಠ, ನನ್ನ ಹೆಮ್ಮೆ ಕೂಡ.

ಜಡೆ ಊರಿನ ಗಿರಿಜಮ್ಮ ಮೂರು ತಿಂಗಳ ಕೂಸು ಸತ್ತ ಮೇಲೆ ಮಾತು ಬಿಟ್ಟಿದ್ದಳು. ಪ್ರತಿ ಸೋಮವಾರ ಗಂಡ ಸೊರಬದಲ್ಲಿ ಬಸ್ಸು ಬದಲಿಸಿ ಅವಳನ್ನು ಕರೆತರುತ್ತಿದ್ದ. ಅವನನ್ನು ಹೊರಗೆ ಕೂರಿಸಿ ನಾವಿಬ್ಬರೂ ಒಂದು ತಾಸು ಸುಮ್ಮನೆ ಕುಳಿತಿರುತ್ತಿದ್ದೆವು. ಆರು ವಾರ ಹಾಗೆಯೇ.

ಏಳನೆಯ ವಾರ ಬಾಯಿಬಿಟ್ಟಳು. ಜ್ವರದಿಂದ ಸತ್ತಿತೆಂದು ಮನೆಯವರೆಲ್ಲ ನಂಬಿದ್ದ ಕೂಸು—ಮಧ್ಯಾಹ್ನ ಗದ್ದೆಯಿಂದ ದಣಿದು ಬಂದು, ಹಾಲೂಡಿಸುತ್ತ ಮಲಗಿದವಳಿಗೆ ನಿದ್ದೆ ಹತ್ತಿ, ಅವಳ ಮೈಕೆಳಗೇ ಉಸಿರುಕಟ್ಟಿತ್ತು.

“ನಾನೇ ಕೊಂದೆ ಅಲ್ಲೇನ್ರೀ, ಡಾಕ್ಟ್ರೇ?”

ಇಲ್ಲ ಎನ್ನಬೇಕಿತ್ತು. ಆರು ವಾರದ ಮೌನ ಅವಳ ಬಾಯಿ ತೆರೆಸಿತ್ತು, ನಿಜ. ಆ ಗಳಿಗೆಯಲ್ಲಿ ಅದರ ಕೆಲಸ ಮುಗಿದಿತ್ತು. ನಾನೋ—ಇನ್ನಷ್ಟು ಹೇಳಲಿ ಎಂದು ಕಾದೆ. ನನ್ನ ಗೆಲುವಿಗೆ ಒಳಗೊಳಗೇ ಹಿಗ್ಗುತ್ತಿದ್ದೆ. ಅವಳು ನನ್ನ ಮುಖವನ್ನೇ ನೋಡಿದಳು.

“ಗೊತ್ತಾತ್ ಬಿಡ್ರೀ,” ಎಂದು ಎದ್ದು ಹೋದಳು.

ಗಂಡ ಒಳಗೆ ಬಂದು ಕೇಳಿದ: “ಮಾತಾಡಿದ್ಲೇನ್ರೀ?”

“ಇಲ್ಲ.”

ಅವಳ ಗುಟ್ಟು ಕಾಯ್ದದ್ದಕ್ಕೆ ಯಾರ ಕ್ಷಮೆಯನ್ನೂ ಕೇಳುವುದಿಲ್ಲ. ಆದರೆ—ಮಾತಾಡಿದಳು, ಏನೆಂದು ಮಾತ್ರ ಹೇಳಲಾರೆ, ಎನ್ನಬಹುದಿತ್ತಲ್ಲ! ಅವಳು ಮನೆಯಲ್ಲಿ ಮತ್ತೆ ಬಾಯಿಬಿಡಲಿಲ್ಲ, ಅವನು ಆಸೆ ಬಿಟ್ಟ. “ಮೂಗಿ ಜೊತೆ ಹೆಂಗ್ ಬಾಳ್ಲಿ?” ಎಂದು ಅವಳನ್ನು ತವರೂರು ಉಡುತಡಿಗೆ ಬಿಟ್ಟು, ವರ್ಷ ತುಂಬುವುದರೊಳಗೆ ಇನ್ನೊಂದು ಮದುವೆಯಾದ.

ಎರಡು ವರ್ಷ ನಾನು ಅತ್ತ ಸುಳಿಯಲಿಲ್ಲ. ಹೇಡಿತನ, ಬೇರೇನಲ್ಲ. ಕೊನೆಗೊಮ್ಮೆ ಹೋದಾಗ ಅಂಗಳದಲ್ಲಿ ಭತ್ತಕ್ಕೆ ಮುತ್ತಿದ್ದ ಕೋಳಿಗಳನ್ನು ಬೈದು ಅಟ್ಟುತ್ತಿದ್ದಳು. ಮಾತು ಮರಳಿತ್ತು—ನನ್ನಿಂದಲ್ಲ. ಕೂರಿ ಎನ್ನಲಿಲ್ಲ. ನಿಂತೇ ಹೇಳಿದೆ: “ಅದು ನಿನ್ನ ತಪ್ಪಲ್ಲಮ್ಮ.”

“ಅವತ್ತು ಹೇಳ್ಬೇಕಿತ್ರೀ. ಈಗ ನನಗ್ ನಾನೇ ಹೇಳ್ಕಂಡೀನಿ.”

ಅಂದಿನಿಂದ, ಅಂಥ ಪ್ರಶ್ನೆ ಕೇಳಿದ ಯಾರನ್ನೂ ಉತ್ತರವಿಲ್ಲದೆ ಕಳಿಸಿಲ್ಲ. ಹಾಗೆ ಮಾಡಿದರೆ ಶಾಸ್ತ್ರ ಕೆಡುತ್ತದೆ ಎಂದರು, ನನಗೆ ಕಲಿಸಿದವರು. ಕೆಡಲಿ.