ನೂಲಿನ ಕಟ್ಟಿನ ರಾಮಾಯಣ

ದೊಡ್ಡವ್ವನ ಬಲಗೈ ತೋರುಬೆರಳಿನಲ್ಲಿ ಒಂದು ಗೀರು ಇತ್ತು. ಮಗ್ಗದ ಲಾಳಿಗೆ ಹಾಕುವ ಕಂಡಿಕೆ ಸುತ್ತುವಾಗ ನೂಲು ಅಲ್ಲೇ ಓಡಿ ಓಡಿ ಚರ್ಮವನ್ನು ಕೊರೆದಿತ್ತು. ನನ್ನ ತಲೆ ಬಾಚುವಾಗ ಅದಕ್ಕೆ ಕೂದಲು ಸಿಕ್ಕಿ ಚುರುಕ್ ಎನ್ನುತ್ತಿತ್ತು. ನಾನು ಕಿರುಚಿದರೆ, "ಸುಮ್ನ ಕುಂದರ" ಎನ್ನುವಳು. ಅಷ್ಟೇ. ಅವಳದು ಮಾತು ಕಡಿಮೆ.

ಅವಳು ನನ್ನ ಅಪ್ಪನ ಅಣ್ಣನ ಹೆಂಡತಿ. ನನ್ನನ್ನು ಹೆತ್ತವಳು ಬಾಣಂತನದಲ್ಲೇ ತೀರಿಕೊಂಡಿದ್ದರಿಂದ ದೊಡ್ಡವ್ವನೇ ಸಾಕಿದಳು. ಬನಹಟ್ಟಿಯ ನಮ್ಮ ಮನೆಯಲ್ಲಿ ಗಂಡಸರು ಮಗ್ಗಕ್ಕೆ ಇಳಿದರೆ, ಅವಳು ಕಂಡಿಕೆ ಸುತ್ತುವ ರಾಟಿಯ ಮುಂದೆ ಕೂರುತ್ತಿದ್ದಳು.

ಆಗ ವಿಲಾಯತಿ ನೂಲಿನ ಕಟ್ಟುಗಳ ಮೇಲೆ ಬಣ್ಣದ ಚಿತ್ರದ ಚೀಟಿ ಅಂಟಿಸಿರುತ್ತಿದ್ದರು. ಒಂದು ಕಂಪನಿಯ ಕಟ್ಟಿನ ಮೇಲೆ ರಾಮಾಯಣ ಬರುತ್ತಿತ್ತು. ದೊಡ್ಡವ್ವನ ಒಬ್ಬನೇ ಮಗ, ಶಾಲೆಗೆ ಹೋಗುವ ಹುಡುಗ, ಆ ಚೀಟಿಗಳನ್ನು ನೀರಿನಲ್ಲಿ ನೆನೆಸಿ ಬಿಡಿಸಿ, ಒಣಗಿಸಿ, ತಗಡಿನ ಪೆಟ್ಟಿಗೆಯಲ್ಲಿ ಇಡುತ್ತಿದ್ದನಂತೆ. ಬಿಲ್ಲು ಮುರಿದದ್ದು, ಚಿನ್ನದ ಜಿಂಕೆ, ಮೂರ್ಛೆ ಹೋದ ಲಕ್ಷ್ಮಣ, ಪಟ್ಟಾಭಿಷೇಕ, ಎಲ್ಲ ಬಂದಿದ್ದವು. ಗುಡ್ಡ ಹೊತ್ತು ತರುವ ಹನುಮಪ್ಪ ಮಾತ್ರ ಬಂದಿರಲಿಲ್ಲ.

ನಾನು ಹುಟ್ಟಿದ ವರ್ಷ ಪ್ಲೇಗು ಬಂತು. ಊರೆಲ್ಲ ಮನೆ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿತು. ನಾನಾಗ ತೊಟ್ಟಿಲಲ್ಲಿದ್ದೆ, ಇದನ್ನೆಲ್ಲ ನನಗೆ ಹೇಳಿದವನು ದೊಡ್ಡಪ್ಪ. ಗುಡಿಸಲಲ್ಲಿ ಹುಡುಗನಿಗೆ ಜ್ವರ ಏರಿತು. ಕಣ್ಣು ತೆರೆದಾಗೊಮ್ಮೆ ಕೇಳುತ್ತಿದ್ದನಂತೆ: "ಹನುಮಪ್ಪ ಬಂದನೇನಬೇ ಯವ್ವಾ?"

"ನಾಳೆ ಬರತಾನಪಾ."

ನಾಳೆಗೆ ಹುಡುಗ ಉಳಿಯಲಿಲ್ಲ. ದೊಡ್ಡವ್ವ ಅಳಲಿಲ್ಲವಂತೆ.

ಇಲ್ಲಿಂದ ಮುಂದಿನದು ನಾನೇ ಕಣ್ಣಾರೆ ಕಂಡದ್ದು. ಯಾರ ಮನೆ ಹೊಸ್ತಿಲನ್ನೂ ಸುಮ್ಮನೆ ತುಳಿಯದ ಹೆಂಗಸು ನೂಲಿನ ಅಂಗಡಿಗಳ ಮುಂದೆ ನಿಂತು ಹನುಮಪ್ಪನ ಚೀಟಿ ಕೇಳುತ್ತಿದ್ದಳು. ರಬಕವಿಯಲ್ಲಿ, ತೇರದಾಳದಲ್ಲಿ. ಇವಳಿಗೆ ತಲೆ ಕೆಟ್ಟಿದೆ ಎಂದು ಜನ ಆಡಿಕೊಂಡರು. ಒಮ್ಮೆ ದೊಡ್ಡಪ್ಪ ರೇಗಿದ.

"ಹೋದಾಂವ ತಿರುಗಿ ಬರತಾನೇನ? ಬಿಡ ಇದನ್ನ!"

"ಬರೂದಿಲ್ಲ ಅನ್ನೂದು ನನಗ ಗೊತ್ತಿಲ್ಲೇನು?" ಎಂದಳು. "ನಾಳೆ ಬರತಾನ ಅಂತ ಹೇಳೇನಿ. ಹಡದಾಕಿ ಮಾತು ಸುಳ್ಳ ಆಗಬಾರದು."

ದೊಡ್ಡಪ್ಪ ಮತ್ತೆ ಆ ಮಾತು ಎತ್ತಲಿಲ್ಲ.

ಆಮೇಲೆ ದೊಡ್ಡ ಯುದ್ಧ ಶುರುವಾಗಿ ವಿಲಾಯತಿ ನೂಲು ಬರುವುದೇ ಅಪರೂಪವಾಯಿತು. ಅದರೊಂದಿಗೆ ಚಿತ್ರಗಳೂ ನಿಂತವು. ನನ್ನ ಮದುವೆ ಗೊತ್ತಾದ ವರ್ಷ ಸೀರೆ ತರಲೆಂದು ನಾನೂ ಅವಳೂ ಗಾಡಿಯಲ್ಲಿ ಜಮಖಂಡಿಗೆ ಹೋದೆವು. ಅರಿವೆ ಅಂಗಡಿಯ ಮುದುಕನ ತಲೆಯ ಮೇಲೆ, ಗೋಡೆಯಲ್ಲಿ, ಕಟ್ಟು ಹಾಕಿಸಿದ ಪುಟ್ಟ ಪಟ. ಗಾಜಿನ ತುಂಬ ಕುಂಕುಮ. ಒಳಗೆ ಗುಡ್ಡ ಹೊತ್ತ ಹನುಮಪ್ಪ, ಅದೇ ನೂಲಿನ ಕಟ್ಟಿನ ಚೀಟಿ.

ದೊಡ್ಡವ್ವ ಹಾಸಿದ ಸೀರೆಗಳ ಕಡೆ ನೋಡಲೇ ಇಲ್ಲ. "ಅದನ್ನ ನನಗ ಕೊಡ್ರಿ ಎಪ್ಪಾ" ಎಂದಳು.

"ಪೂಜಿ ಮಾಡೂ ದೇವರನ್ನ ಹ್ಯಾಂಗ ಕೊಡಲಿ ತಂಗಿ?"

"ನನ್ನ ಮಗಗ ಬೇಕಾಗೇತ್ರಿ."

"ಕರಕೊಂಡ ಬಾ ಅವನ್ನ. ಸಣ್ಣ ಹುಡುಗಗ ನಾನ ಸಮಜಾಯಿಸಿ ಹೇಳತೇನಿ."

"ಅವ ಇಲ್ರಿ" ಎಂದಳು ದೊಡ್ಡವ್ವ. "ಪ್ಲೇಗಿನ್ಯಾಗ ಹೋದ."

ಮುದುಕ ಎದ್ದು, ಕೈ ಮುಗಿದು, ಪಟವನ್ನು ಗೋಡೆಯಿಂದ ಇಳಿಸಿ ಅವಳ ಸೆರಗಿಗೆ ಹಾಕಿದ.

ಮನೆಗೆ ಬಂದು ಅವಳು ಚೀಟಿಗಳನ್ನು ನೆಲದ ಮೇಲೆ ಸಾಲಾಗಿ ಹಾಸಿದಳು. ಲಕ್ಷ್ಮಣನ ಪಕ್ಕದಲ್ಲಿ ಹನುಮಪ್ಪನನ್ನು ಇಟ್ಟಳು. "ಬಂದ ನೋಡಪಾ" ಎಂದಳು. ಯಾರೋ ಉತ್ತರ ಕೊಡುತ್ತಾರೆಂಬಂತೆ ಕಾದಳು. ಮನೆಯಲ್ಲಿ ಮಗ್ಗದ ಸಪ್ಪಳ ನಿಂತಿತ್ತು. ಆಮೇಲೆ ಅವಳು ಅತ್ತಳು. ಅಷ್ಟು ವರ್ಷಗಳ ಅಳು. ದೊಡ್ಡಪ್ಪ ಬಾಗಿಲಲ್ಲಿ ನಿಂತು, "ಅಳಲಿ ಬಿಡು, ಎದಿ ಹಗುರಾಗತೈತಿ" ಎಂದು ನನಗೆ ಹೇಳಿದ.

ಹಗುರಾಗಲಿಲ್ಲ. ಹುಡುಕುವುದು ಇರುವವರೆಗೆ ಅವಳಿಗೆ ಬೆಳಗಾದರೆ ಏಳಲು ಒಂದು ಕಾರಣವಿತ್ತು. ಈಗ ರಾಟಿಯ ಮುಂದೆ ಕೂರುತ್ತಿದ್ದಳು, ತಿರುಗಿಸುತ್ತಿರಲಿಲ್ಲ. ರೊಟ್ಟಿ ಮುರಿದು ಹಾಗೇ ಇಡುತ್ತಿದ್ದಳು. ವೈದ್ಯರು ನಾಡಿ ನೋಡಿ, ರೋಗವೇನೂ ಇಲ್ಲ ಎಂದರು.

ಮಳೆಗಾಲದ ಒಂದು ಮಧ್ಯಾಹ್ನ ಗಂಜಿ ಕುಡಿಸಲು ಕೂತಿದ್ದೆ. ನನ್ನ ಗದ್ದ ಹಿಡಿದು ಮುಖ ಮೇಲಕ್ಕೆತ್ತಿದಳು.

"ನಿನಗೀಗ ಎಷ್ಟ ವರ್ಸ?"

ಹೇಳಿದೆ.

"ಇಷ್ಟ ದೊಡ್ಡಾಕಿ ಯಾವಾಗ ಆದಿ?" ಎಂದಳು. ಬಹಳ ಹೊತ್ತು ನೋಡುತ್ತಲೇ ಇದ್ದಳು.

ನನ್ನ ಮದುವೆಯ ಅಕ್ಕಿಕಾಳು ಬೀಳುವುದನ್ನು ಅವಳು ಕಾಣಲಿಲ್ಲ. ಅದಕ್ಕೆ ಮೊದಲೇ ಮಣ್ಣು ಮಾಡಿದೆವು. ಚೀಟಿಗಳನ್ನು ದೊಡ್ಡಪ್ಪ ಅವಳ ಜೊತೆಗೇ ಇಟ್ಟ.

ನನಗೆ ಜ್ವರ ಬಂದಾಗ ಪಕ್ಕದಲ್ಲಿ ಎದ್ದು ಕೂತವಳು ಅವಳು. ತನ್ನ ಪಾಲಿನ ಹಾಲು ನನಗೆ ಕುಡಿಸಿದವಳು, ನೂಲು ಬಿಡಿಸುವುದು, ಸುತ್ತುವುದು, ಊಟ ಬಡಿಸುವುದು ಎಲ್ಲ ಕಲಿಸಿದವಳು. ನಾನು ಬದುಕಿ ಉಳಿದದ್ದೇ ಅವಳಿಂದ. ಅದಕ್ಕೆ ಬದಲಾಗಿ ನಾನು ಏನು ಕೊಡಬಹುದಿತ್ತೆಂದು ಈಗಲೂ ಯೋಚಿಸುತ್ತೇನೆ. ಅವಳಿಗೆ ಬೇಕಾಗಿದ್ದ ಮಗು ನಾನಾಗಿರಲಿಲ್ಲ.