ಬರೆದವರು: ಮಾಲತಿ

ಕೊಪ್ಪ ಬಸ್ ನಿಲ್ದಾಣದ ಎದುರು ನನ್ನ ಹೋಟೆಲಿಗೆ ಅಂಟಿಕೊಂಡಿರುವ ಜೆರಾಕ್ಸ್ ಅಂಗಡಿಯಲ್ಲಿ ಮಾಲತಿ ಹದಿನಾಲ್ಕು ವರ್ಷಗಳಿಂದ ಟೈಪ್ ಮಾಡುತ್ತಿದ್ದಾಳೆ. ನನ್ನ ಅಣ್ಣನ ಮದುವೆಯ ಕರೆಯೋಲೆಯೂ ಅವಳದೇ, ತಿಥಿಯ ಕಾರ್ಡೂ ಅವಳದೇ. ಎರಡರಲ್ಲೂ ತಪ್ಪಿರಲಿಲ್ಲ. ಇಷ್ಟು ವರ್ಷದಲ್ಲಿ ಊರವರ ಹೆಸರನ್ನೆಲ್ಲ ಬರೆದವಳ ಹೆಸರು ಮಾತ್ರ ಒಂದರಲ್ಲೂ ಇಲ್ಲ. ಅದನ್ನು ಅವಳೇ ಒಮ್ಮೆ ಹೇಳಿದ್ದಳು, ನಗದೆ.

ನರಸಿಂಹರಾಜಪುರದ ವೆಂಕಟರಮಣ ಮೇಷ್ಟ್ರು ಭಾನುವಾರ ಶೇರು ವ್ಯಾಪಾರದ ಪಾಠ ಹೇಳುತ್ತಾರೆ. ಯಾವಾಗ ಕೊಳ್ಳಬೇಕು, ಯಾವಾಗ ಮಾರಬೇಕು ಎನ್ನುವುದಕ್ಕೆ ಅವರದೊಂದು ವಿಧಾನವಿದೆ. ಅದರ ಪುಸ್ತಿಕೆಯನ್ನು ಟೈಪ್ ಮಾಡಿದವಳೂ ಮಾಲತಿಯೇ. ‘ಎಲ್ಲ ಹಕ್ಕುಗಳನ್ನು ಕಾದಿರಿಸಿದೆ’ ಎಂದು ಮೇಷ್ಟ್ರು ಪುಟಪುಟಕ್ಕೂ ಹಾಕಿಸಿದ್ದರು. ಮೊಬೈಲ್ ನೋಡಿ ಕೋಡ್ ಬರೆಯಲು ಕಲಿತಿದ್ದ ಮಾಲತಿ, ಆ ವಿಧಾನವನ್ನು ಕಂಪ್ಯೂಟರೇ ನಡೆಸುವಂಥ ಪ್ರೋಗ್ರಾಮನ್ನು ಎಂಟು ತಿಂಗಳು ಕೂತು ಬರೆದಳು. ಅದನ್ನು ಎಲ್ಲರಿಗೂ ಸಿಗುವಂತೆ ಇಂಟರ್‌ನೆಟ್ಟಿಗೆ ಹಾಕಬೇಕು, ಮೇಲೆ ತನ್ನ ಹೆಸರಿರಬೇಕು. ಇಷ್ಟೇ ಆಸೆ. ಆದರೆ ಆ ಕಾದಿರಿಸಿದ ಹಕ್ಕುಗಳು?

ಅಫಿಡವಿಟ್ ಟೈಪ್ ಮಾಡಿಸಲು ಬಂದ ವಕೀಲ ದೇವರಾಜರನ್ನು ಕೇಳಿದಳು.

“ಪತ್ರೊಡೆ ಮಾಡೋ ರೀತಿ ಯಾರಪ್ಪನ ಸ್ವತ್ತೂ ಅಲ್ಲ. ಅಡುಗೆ ಪುಸ್ತಕದ ವಾಕ್ಯ ಮಾತ್ರ ಬರ್ದವ್ರದ್ದು. ನೀನು ಮೇಷ್ಟ್ರ ವಾಕ್ಯ ಎತ್ಕಂಡಿದ್ಯಾ?”

“ಒಂದೂ ಇಲ್ಲ.”

“ಹಂಗಾದ್ರೆ ಕೋಡ್ ನಿಂದೇ ಮಾರಾಯ್ತಿ. ಹಾಕು.”

ಹಾಕಿದ್ದರೆ ಮುಗಿಯುತ್ತಿತ್ತು. ಆದರೆ ಅವಳ ಅಜ್ಜಿ ಸಣ್ಣಕ್ಕ ಕೆರೆಕಟ್ಟೆಯಲ್ಲಿ ಕಾಮಾಲೆಗೆ ಸೊಪ್ಪಿನ ಮದ್ದು ಕೊಡುತ್ತಿದ್ದವರು. ಸೊಪ್ಪು ಯಾವುದೆಂದು ನೋಡಿ ಕಲಿತರೂ, ಮೊದಲಿನಿಂದ ಅದನ್ನು ಕೊಡುತ್ತಿದ್ದವರ ಮುಂದೆ ವೀಳ್ಯ ಇಟ್ಟು ಕೇಳದಿದ್ದರೆ ಮದ್ದು ನಾಟುವುದಿಲ್ಲ ಎನ್ನುತ್ತಿದ್ದರು. ಮಾಲತಿ ಎಲೆ ಅಡಿಕೆ ಕಟ್ಟಿಕೊಂಡು ಮೇಷ್ಟ್ರ ಊರಿನ ಬಸ್ ಹತ್ತಿದಳು. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಳ್ಳುವುದು ಎಂದರೆ ಇದೇ. ಮೇಷ್ಟ್ರು ಬೇಡವೆಂದರೆ ಎಂಟು ತಿಂಗಳ ಕೆಲಸ ಮಣ್ಣು. ವೀಳ್ಯ ಇಟ್ಟು ಕೇಳಿದ ಮೇಲೆ ಮಾತು ಮೀರುವವಳಲ್ಲ ಅವಳು.

ಜಗಲಿಯಲ್ಲಿ ಕೂತಿದ್ದ ಮೇಷ್ಟ್ರು ಅವಳು ಹೇಳಿದ್ದನ್ನೆಲ್ಲ ಕೇಳಿ ಎಲೆ ಅಡಿಕೆ ನೋಡಿದರು, ಮುಟ್ಟಲಿಲ್ಲ.

“ಎಷ್ಟು ಸಾಲು ಬರ್ದೆ?”

“ಆರುನೂರ ಹನ್ನೆರಡು, ಸಾರ್.”

“ಎಲ್ಲ ನೀನೇ?”

“ಎಲ್ಲ ನಾನೇ.”

ಮೇಷ್ಟ್ರು ಎಲೆ ಅಡಿಕೆಯತ್ತ ಕೈ ತೋರಿಸಿದರು.

“ಇದು ನಂಗೆ ಸಲ್ಲೋದಲ್ಲ ಮಾರಾಯ್ತಿ. ವಿಧಾನ ನಾನು ಕಲ್ತದ್ದು ಸಾಗರದಲ್ಲಿ ಒಬ್ರ ಹತ್ರ. ಪುಸ್ತಿಕೆಯ ವಾಕ್ಯನೂ ಅವರದ್ದೇ, ನೋಟ್ಸಿಂದ ಇಳ್ಸಿದ್ದು. ಕೇಳ್ಲಿಲ್ಲ. ಇದ್ರಲ್ಲಿ ಸ್ವಂತ ಬರ್ದದ್ದು ಅಂತ ಇದ್ರೆ ನಿಂದೊಂದೇ. ನೀನು ಹಾಕು. ಕೇಳ್ದೆ ತಂದವ ನಾನು, ಕೇಳೋದೂ ನಾನೇ.”

ಎಲೆ ಅಡಿಕೆಯನ್ನು ಹಾಗೇ ಪೊಟ್ಟಣ ಕಟ್ಟಿ, ಸಾಗರದ ಬಸ್ ಎಷ್ಟು ಗಂಟೆಗೆಂದು ಒಳಗೆ ಹೆಂಡತಿಯನ್ನು ಕೇಳಿದರು.

ಮರುದಿನ ಮಾಲತಿ ನನ್ನ ಗಲ್ಲಾದ ಮೇಲೆ ಪ್ರೋಗ್ರಾಮಿನ ಮೊದಲ ಹಾಳೆ ಇಟ್ಟಳು. ಬೇರೆಯವರಿಗೆ ತಾನು ಯಾವಾಗಲೂ ಹೇಳುವ ಮಾತನ್ನೇ ಹೇಳಿದಳು: “ತಪ್ಪಿದ್ಯಾ, ಒಂದ್ಸಲ ನೋಡಿ.” ಕೋಡ್ ನನಗೆ ಅರ್ಥವಾಗುವುದಿಲ್ಲ, ಮೊದಲ ಸಾಲು ಮಾತ್ರ ಓದಿದೆ. ‘ಬರೆದವರು: ಮಾಲತಿ, ಕೊಪ್ಪ.’

ತಪ್ಪಿರಲಿಲ್ಲ.